ಆರಾಧನೆಯೂ ಆಡಂಬರವೂ

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ನನ್ನ ಹಿರಿಯ ಮಿತ್ರರೊಬ್ಬರ ಪತ್ನಿ ತೀರಿಕೊಂಡರು. ಮಿತ್ರರು ದಕ್ಷಿಣ ಕನ್ನಡದವರು. ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ನಮ್ಮ ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅಂತ್ಯಕ್ರಿಯೆ ಮುಗಿದು ಎರಡು ವಾರವಾಗಿತ್ತು. ಆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ ಅವರು ಆರಾಧನೆಗೆ ಹೊರಟು ನಿಂತಿದ್ದರು. ಮಗ ಹೋಗುವ ಹೊಸ ಸಭೆಯೊಂದಕ್ಕೆ ಅವರನ್ನೂ ಕರೆದಿದ್ದನಂತೆ. “ಪಂಡಿತರೇ, ನೀವೂ ಬನ್ನಿ, ಜೊತೆಗೊಬ್ಬರಿದ್ದ ಹಾಗಾಗುತ್ತದೆ” ಎಂದರು. ಹೋದೆ.

ಅದೊಂದು ದೊಡ್ಡ ಹಜಾರ. ಮುಂದುಗಡೆ ಎತ್ತರವಾದ ವೇದಿಕೆ. ವೇದಿಕೆಯ ಮೇಲೆ ಗಿಟಾರು, ಡ್ರಮ್ಮು, ಬಣ್ಣದ ದೀಪಗಳು. ಹಿಂದೆ ಹಾಡಿನ ಸಾಲುಗಳನ್ನು ತೋರಿಸುವ ಬೆಳ್ಳನೆಯ ಪರದೆ. ಧ್ವನಿವರ್ಧಕದ ಸದ್ದಿಗೆ ನಾನು ಕುಳಿತಿದ್ದ ಕುರ್ಚಿಯೇ ಕಂಪಿಸುತ್ತಿತ್ತು. ಹಾಡು ನಡೆಸುತ್ತಿದ್ದ ತರುಣ ಒಳ್ಳೆಯ ಕಂಠದವನು, ಉತ್ಸಾಹಿ. ಎಲ್ಲರೂ ಎದ್ದು ನಿಲ್ಲಬೇಕು, ಕೈ ಮೇಲೆತ್ತಬೇಕು, ಸಂತೋಷದಿಂದ ಚಪ್ಪಾಳೆ ತಟ್ಟಬೇಕು ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಎಲ್ಲರೂ ಎದ್ದರು. ನನ್ನ ಮಿತ್ರರು ಮಾತ್ರ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದರು. ಹಿಂದಿರುಗುವಾಗ ದಾರಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು: “ಎಲ್ಲರಿಗೂ ಕುರ್ಚಿ ಹಾಕಿದ್ದರು ಪಂಡಿತರೇ. ನನ್ನ ದುಃಖಕ್ಕೆ ಮಾತ್ರ ಕೂತುಕೊಳ್ಳಲು ಅಲ್ಲಿ ಜಾಗವಿರಲಿಲ್ಲ.”

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಕ್ರೈಸ್ತನಲ್ಲ. ಪರರ ಮನೆಯ ಪೂಜೆಯನ್ನು ತೂಗಿ ನೋಡಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಅಧಿಕಾರವೇನೂ ಇಲ್ಲ. ಆದರೆ ಕನ್ನಡ ಗದ್ಯ ಬೆಳೆದ ಬಗೆಯನ್ನು ತಿಳಿಯಬೇಕೆಂದು ವಿದ್ಯಾರ್ಥಿದೆಸೆಯಲ್ಲಿ ಸುವಾರ್ತೆಗಳ ಕನ್ನಡ ಅನುವಾದವನ್ನು ಓದಿದವನು ನಾನು. ಭಾಷೆಗಾಗಿ ಓದಲು ಹೊರಟವನನ್ನು ಕಥೆಗಳೇ ಹಿಡಿದು ನಿಲ್ಲಿಸಿದವು. ಆ ಪರಿಚಯದ ಬಲದಿಂದಲೂ, ಮಿತ್ರರ ಮೇಲಿನ ವಿಶ್ವಾಸದಿಂದಲೂ ಈ ನಾಲ್ಕು ಮಾತುಗಳನ್ನಾಡುತ್ತಿದ್ದೇನೆ.

ಆರಾಧನೆ ಹೇಗಿರಬೇಕೆಂಬುದಕ್ಕೆ ಯೇಸುಸ್ವಾಮಿ ಶಾಸ್ತ್ರವನ್ನು ಬರೆದಿಡಲಿಲ್ಲ. ಅವರು ಕೊಟ್ಟದ್ದು ಕೆಲವು ಚಿತ್ರಗಳನ್ನು. ಯೆರೂಸಲೇಮಿನ ದೇವಾಲಯದಲ್ಲಿ ಧನಿಕರು ದೊಡ್ಡ ದೊಡ್ಡ ಮೊತ್ತಗಳನ್ನು ಕಾಣಿಕೆಯ ಪೆಟ್ಟಿಗೆಗೆ ಸುರಿಯುತ್ತಿದ್ದಾಗ ಬಡ ವಿಧವೆಯೊಬ್ಬಳು ಎರಡು ಸಣ್ಣ ಕಾಸುಗಳನ್ನು ಹಾಕಿದಳು; ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದು ಅವರು ಶಿಷ್ಯರಿಗೆ ತೋರಿಸಿದರು. ಇಬ್ಬರು ಪ್ರಾರ್ಥನೆಗೆ ಹೋದ ಕಥೆಯನ್ನು ಹೇಳಿದರು: ಒಬ್ಬ ಫರಿಸಾಯ ತನ್ನ ಗುಣಗಳನ್ನೇ ದೇವರ ಮುಂದೆ ಎಣಿಸಿದ, ಸುಂಕದವನೊಬ್ಬ ದೂರದಲ್ಲಿ ನಿಂತು ತಲೆಯೆತ್ತದೆ ಎದೆ ಬಡಿದುಕೊಂಡ. ಮನ್ನಣೆ ದೊರೆತದ್ದು ಎರಡನೆಯವನಿಗೆ. ಕಾಣಿಕೆ ಹಿಡಿದು ವೇದಿಯ ಬಳಿಗೆ ಬಂದವನಿಗೆ ತನ್ನ ಮೇಲೆ ಸೋದರನಿಗೆ ಮುನಿಸಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಬೇಕೆಂದರು. ಪ್ರಾರ್ಥನೆ ಮಾಡುವವನು ಕೋಣೆಯ ಬಾಗಿಲು ಮುಚ್ಚಿಕೊಳ್ಳಲಿ ಎಂದರು. ದೇವಾಲಯದ ಅಂಗಳದಲ್ಲಿ ನಾಣ್ಯ ವಿನಿಮಯ ಮಾಡುವವರ ಮೇಜುಗಳನ್ನೂ ಪಾರಿವಾಳ ಮಾರುವವರ ಪೀಠಗಳನ್ನೂ ಕೆಡವಿದ್ದು ನಿಮಗೆಲ್ಲ ತಿಳಿದ ಸಂಗತಿ. ಕೊನೆಯ ರಾತ್ರಿ ಬಾಡಿಗೆಯ ಮಹಡಿಯೋ ಯಾರೋ ಕೊಟ್ಟ ಮಹಡಿಯೋ, ಅಲ್ಲಿ ಹನ್ನೆರಡು ಮಂದಿಯೊಡನೆ ರೊಟ್ಟಿ ಮುರಿದು, ಒಂದು ಕೀರ್ತನೆ ಹಾಡಿ, ಆಲಿವ್ ಗುಡ್ಡದ ಕಡೆಗೆ ನಡೆದರು. ಕ್ರೈಸ್ತ ಆರಾಧನೆಯ ಬೇರು ಇರುವುದು ಆ ಮಹಡಿಯ ಊಟದಲ್ಲಿ.

ಈ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಅಳತೆಗೋಲು ತಾನಾಗಿಯೇ ಕೈಗೆ ಬರುತ್ತದೆ. ಬಡವನಿಗೆ ಅಲ್ಲಿ ಸ್ಥಾನವಿದೆಯೆ? ನೊಂದವನಿಗೆ, ತಪ್ಪಿದವನಿಗೆ ತಲೆತಗ್ಗಿಸಿ ನಿಲ್ಲಲು ಎಡೆಯಿದೆಯೆ? ಅಲ್ಲಿಂದ ಹೊರಬಿದ್ದವನು ನೆರೆಯವನೊಡನೆ ರಾಜಿಯಾಗುತ್ತಾನೆಯೆ?

ಹಾಗಾದರೆ ಹಿಂದಿನದೆಲ್ಲ ಚಿನ್ನ, ಇಂದಿನದೆಲ್ಲ ಹಿತ್ತಾಳೆ ಎನ್ನೋಣವೆ? ಇತಿಹಾಸ ಹಾಗೆ ಹೇಳುವುದಿಲ್ಲ. ಯೇಸುವಿನ ಕಾಲವಾದ ಒಂದೇ ತಲೆಮಾರಿನೊಳಗೆ ಕೊರಿಂಥದ ಸಭೆಯಲ್ಲಿ ಉಳ್ಳವರು ತಮ್ಮ ಊಟವನ್ನು ತಾವೇ ಮುಂಚೆ ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಪ್ರಭುವಿನ ಭೋಜನವೆಂದರೆ ಇದಲ್ಲವೆಂದು ಪೌಲನು ಕಟುವಾಗಿ ಬರೆದ. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ನೆಲ ಎಂಬ ಭೇದವನ್ನು ಯಾಕೋಬನ ಪತ್ರಿಕೆ ಖಂಡಿಸಿತು. ಖಂಡಿಸಬೇಕಾಗಿ ಬಂತೆಂದರೆ ಆ ದೋಷ ಆಗಲೇ ಇತ್ತೆಂದು ಅರ್ಥ. ಆದರೆ ಸರಿಯಾದ ಮಾದರಿಯೂ ಕಣ್ಮುಂದೆ ಇತ್ತು. ಸುಮಾರು ಕ್ರಿ. ಶ. ೧೫೫ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ವಿದ್ವಾಂಸ ಭಾನುವಾರದ ಆರಾಧನೆಯನ್ನು ಚಕ್ರವರ್ತಿಗೆ ವಿವರಿಸಿದ್ದಾನೆ. ಊರಿನವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ ಸ್ಮರಣೆಗಳನ್ನೂ ಪ್ರವಾದಿಗಳ ಬರಹಗಳನ್ನೂ ಓದುತ್ತಾರೆ. ಮುಖ್ಯಸ್ಥನು ಬುದ್ಧಿ ಹೇಳುತ್ತಾನೆ. ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ. ಬರಲಾಗದವರ ಮನೆಗೂ ಅದನ್ನು ಕಳುಹಿಸುತ್ತಾರೆ. ಕೂಡಿದ ಹಣ ಹೋಗುವುದೆಲ್ಲಿಗೆ? ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ.

ಇನ್ನು ಹೊಸ ಹಾಡು, ಹೊಸ ವಾದ್ಯ ಎಂಬ ಕಾರಣಕ್ಕೇ ಮುಖ ಸಿಂಡರಿಸುವುದೂ ಸಲ್ಲದು. ಇಂದು ಹಳೆಯದೆನಿಸುವುದೆಲ್ಲ ಒಂದು ಕಾಲಕ್ಕೆ ಹೊಸದಾಗಿಯೇ ಬಂದದ್ದು. ಮಾರ್ಟಿನ್ ಲೂಥರನು ೧೫೨೪ರಲ್ಲಿ ಜರ್ಮನ್ ಭಾಷೆಯ ಹಾಡುಗಳ ಪುಸ್ತಕಗಳನ್ನು ಹೊರತಂದು, ಹಾಡುವ ಹಕ್ಕನ್ನು ಪಾದ್ರಿಗಳಿಂದ ಜನರ ಬಾಯಿಗೆ ದಾಟಿಸಿದಾಗ ಅದು ಕ್ರಾಂತಿ. ಇಂಗ್ಲೆಂಡಿನಲ್ಲಿ ಐಸಾಕ್ ವಾಟ್ಸ್ ೧೭೦೭ರಲ್ಲಿ ತನ್ನ ಸ್ವಂತ ರಚನೆಗಳನ್ನು ಪ್ರಕಟಿಸಿದಾಗ, ದಾವೀದನ ಕೀರ್ತನೆಗಳಿರುವಾಗ ಮನುಷ್ಯನ ಕವಿತೆಯೇಕೆ ಎಂದು ಆಕ್ಷೇಪಿಸಿದವರು ಇದ್ದರು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಗಳು ಆರ್ಗನ್ ವಾದ್ಯವನ್ನೇ ಬಹುಕಾಲ ಹೊಸ್ತಿಲ ಹೊರಗೆ ನಿಲ್ಲಿಸಿದ್ದವು. ನಮ್ಮಲ್ಲಿಯೇ ನೋಡಿ: ಫರ್ಡಿನೆಂಡ್ ಕಿಟ್ಟೆಲರು ೧೮೬೨ರಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹೆಣೆದರು. ಮುಂದೆ ೧೮೭೫ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿ, ೧೮೯೪ರಲ್ಲಿ ಮಹಾನಿಘಂಟನ್ನು ಕೊಟ್ಟವರು ಅವರೇ. ಕ್ರಿಸ್ತಕಥೆ ಕನ್ನಡದ ನಡಿಗೆಯಲ್ಲಿ ನಡೆಯಬೇಕೆಂಬ ಹಂಬಲ ಅದರಲ್ಲಿ ಕಾಣುತ್ತದೆ. ಕೆಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರ ಡಿಸೆಂಬರಿನಲ್ಲಿ ದೇಶಭಾಷೆಗಳಿಗೆ ಆರಾಧನೆಯ ಬಾಗಿಲನ್ನು ತೆರೆಯಿತು. ಲ್ಯಾಟಿನ್ನಿನ ಜಾಗದಲ್ಲಿ ತಾಯ್ನುಡಿ ಕೇಳಿಸಿದಾಗ ಕಣ್ಣೀರಿಟ್ಟ ಮುದುಕಿಯರಿದ್ದರೆ ಆಶ್ಚರ್ಯವಿಲ್ಲ. ಹೊಸತನ ದೋಷವಲ್ಲ.

ಜಾನ್ ವೆಸ್ಲಿ ೧೭೬೧ರಲ್ಲಿ ಹಾಡುವವರಿಗೆಂದು ಏಳು ಸೂಚನೆಗಳನ್ನು ಬರೆದಿಟ್ಟ. ಕುಗ್ಗಿದ ದನಿಯಲ್ಲಿ ಹಾಡಬೇಡಿ, ಧೈರ್ಯವಾಗಿ ಹಾಡಿ. ಆದರೆ ಉಳಿದವರ ಧ್ವನಿಯನ್ನು ಮುಳುಗಿಸುವಂತೆ ಅರಚಬೇಡಿ. ಎಲ್ಲಕ್ಕಿಂತ ಮಿಗಿಲಾಗಿ ನಿಮ್ಮನ್ನಾಗಲಿ ಮತ್ತೊಬ್ಬರನ್ನಾಗಲಿ ಮೆಚ್ಚಿಸುವುದಕ್ಕಿಂತ ದೇವರನ್ನು ಮೆಚ್ಚಿಸುವ ಗುರಿಯಿರಲಿ ಎಂಬುದು ಅವುಗಳ ಸಾರ. ಮೈಕು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಮೈಕಿನ ದೋಷವನ್ನು ಕಂಡಿದ್ದ ಮನುಷ್ಯ ಆತ.

ಈ ಬಾನುಲಿಯ ಪೆಟ್ಟಿಗೆಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಚರ್ಚೊಂದರ ಆರಾಧನೆಯನ್ನು ಕೆ. ಡಿ. ಕೆ. ಎ. ಎಂಬ ನಿಲಯ ೧೯೨೧ರ ಜನವರಿ ೨ರಂದು ಬಿತ್ತರಿಸಿತು. ಇಂಗ್ಲೆಂಡಿನಲ್ಲಿ ೧೯೨೪ರ ಜನವರಿ ೬ರಂದು ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನ ಪ್ರಾರ್ಥನೆ ಮನೆಮನೆಗಳಲ್ಲಿ ಕೇಳಿಸಿತು. ಹಾಸಿಗೆ ಹಿಡಿದ ರೋಗಿಗೆ, ನಡೆಯಲಾರದ ವೃದ್ಧರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಬರಲಾಗದವರಿಗೆ ರೊಟ್ಟಿ ಕಳುಹಿಸಿದಂತೆಯೇ ಸರಿ. ಆದರೆ ಒಂದು ಬದಲಾವಣೆಯೂ ಸದ್ದಿಲ್ಲದೆ ಆಯಿತು. ಆರಾಧಕನಾಗಿದ್ದವನು ಕೇಳುಗನಾದ, ಟೆಲಿವಿಷನ್ ಬಂದ ಮೇಲೆ ನೋಡುಗನಾದ. ನೋಡುಗನಿಗೆ ಬೇಸರ ಬರಬಾರದಲ್ಲ! ಬೇಸರವಾದರೆ ಆತ ಗುಂಡಿ ತಿರುಗಿಸಿ ಬೇರೆ ಕಡೆಗೆ ಹೋಗುತ್ತಾನೆ. ಹಾಗೆ ಹೋಗದಂತೆ ಹಿಡಿದಿಡುವುದು ಹೇಗೆಂಬ ಚಿಂತೆ ಉಪದೇಶಕನ ಮನಸ್ಸನ್ನು ಹೊಕ್ಕಿತು.

ಇದಕ್ಕೊಂದು ನಿದರ್ಶನವನ್ನು ಹೇಳುತ್ತೇನೆ. ರಾಬರ್ಟ್ ಷುಲ್ಲರ್ ಎಂಬ ಉಪದೇಶಕರು ೧೯೫೫ರಲ್ಲಿ ಕ್ಯಾಲಿಫೋರ್ನಿಯದ ಗಾರ್ಡನ್ ಗ್ರೋವ್ ಊರಿಗೆ ಬಂದರು. ಕೈಯಲ್ಲಿ ಹಣವಿಲ್ಲ, ಚರ್ಚಿಲ್ಲ. ಕಾರಿನಲ್ಲಿ ಕುಳಿತೇ ಸಿನಿಮಾ ನೋಡುವ ಬಯಲು ಚಿತ್ರಮಂದಿರವೊಂದನ್ನು ಬಾಡಿಗೆಗೆ ಹಿಡಿದು, ಅಲ್ಲಿನ ತಿಂಡಿ ಅಂಗಡಿಯ ಮಾಳಿಗೆಯ ಮೇಲೆ ನಿಂತು ಉಪದೇಶ ಮಾಡಿದರು. ಜನರು ಕಾರಿನಲ್ಲಿಯೇ ಕುಳಿತು ಕೇಳಿದರು. ಅದರಲ್ಲೊಂದು ಸರಳತೆಯಿತ್ತು, ಜಾಣತನವೂ ಇತ್ತು. ೧೯೭೦ರಲ್ಲಿ ಟೆಲಿವಿಷನ್ ಕಾರ್ಯಕ್ರಮ ಆರಂಭವಾಯಿತು. ೧೯೮೦ರಲ್ಲಿ ಫಿಲಿಪ್ ಜಾನ್ಸನ್ ಎಂಬ ಖ್ಯಾತ ವಾಸ್ತುಶಿಲ್ಪಿಯ ಕೈಯಿಂದ ಹತ್ತು ಸಾವಿರಕ್ಕೂ ಮಿಕ್ಕಿದ ಗಾಜಿನ ಹಲಗೆಗಳ ಮಂದಿರ ಎದ್ದಿತು. ‘ಸ್ಫಟಿಕ ಮಂದಿರ’ವೆಂದು ಲೋಕವೆಲ್ಲ ಕೊಂಡಾಡಿತು. ಕ್ರಿಸ್ಮಸ್ಸಿನಲ್ಲಿ ನಿಜವಾದ ಒಂಟೆಗಳು ನಡೆದು ಬರುತ್ತಿದ್ದವು. ತಂತಿಯಿಂದ ಇಳಿಬಿಟ್ಟ ದೇವದೂತರು ಮೇಲೆ ಹಾರಾಡುತ್ತಿದ್ದರು. ಉಪದೇಶದ ಒತ್ತು ಆತ್ಮವಿಶ್ವಾಸದ ಮೇಲೆ, ಯಶಸ್ಸಿನ ಮೇಲೆ. ಸುಂಕದವನ ಎದೆಬಡಿತಕ್ಕೆ ಅಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ೨೦೧೦ರಲ್ಲಿ ಆ ಸಂಸ್ಥೆ ನಾಲ್ಕು ಕೋಟಿ ಡಾಲರುಗಳಿಗೂ ಮೀರಿದ ಸಾಲದಿಂದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಕ್ರಿಸ್ಮಸ್ ಮೆರವಣಿಗೆಗೆ ಪ್ರಾಣಿಗಳನ್ನು ಒದಗಿಸಿದವರಿಗೂ ಬಾಕಿ ಉಳಿದಿತ್ತು. ೨೦೧೨ರಲ್ಲಿ ಕಟ್ಟಡ ಅಲ್ಲಿನ ಕೆಥೊಲಿಕ್ ಧರ್ಮಪ್ರಾಂತ್ಯಕ್ಕೆ ಮಾರಾಟವಾಗಿ, ದುರಸ್ತಿಯಾಗಿ, ೨೦೧೯ರಲ್ಲಿ ಮತ್ತೆ ಪೂಜೆಗೆ ತೆರೆಯಿತು. ಷುಲ್ಲರರು ದುಷ್ಟರೆಂದು ನಾನು ಹೇಳುವುದಿಲ್ಲ. ಅವರ ಮಾತಿನಿಂದ ಧೈರ್ಯ ತಂದುಕೊಂಡವರು ಅನೇಕರು. ಆದರೆ ಒಂಟೆಯವನ ಕೂಲಿ ಕೊಡದೆ ಉಳಿದ ಉತ್ಸವವನ್ನು ಆ ದನದ ಕೊಟ್ಟಿಗೆಯ ಶಿಶುವಿನ ಉತ್ಸವವೆನ್ನಲು ನಾಲಗೆ ತಡವರಿಸುತ್ತದೆ.

ಇನ್ನೊಂದು ಸಂಗತಿ ಹಾಡಿನ ವ್ಯಾಪಾರ. ಅಮೆರಿಕದಲ್ಲಿ ೧೯೮೮ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಆರಾಧನೆಯ ಹಾಡುಗಳ ಹಕ್ಕುಗಳಿಗೆ ಪರವಾನಗಿ ಕೊಡುತ್ತದೆ. ಸಭೆಗಳು ವಂತಿಗೆ ತೆತ್ತು ಹಾಡುಗಳನ್ನು ಬಳಸುತ್ತವೆ. ಯಾವ ಹಾಡು ಎಷ್ಟು ಬಳಕೆಯಾಯಿತೆಂಬ ಲೆಕ್ಕದ ಮೇಲೆ ಪಟ್ಟಿಗಳು ಹೊರಬೀಳುತ್ತವೆ. ಕವಿಗೆ ಸಂಭಾವನೆ ಸಲ್ಲುವುದು ನ್ಯಾಯವೇ. ಆದರೆ ಪಟ್ಟಿಯ ತುದಿಗೇರುವ ಹಾಡು ಯಾವುದು? ಬೇಗ ಬಾಯಿಗೆ ಬರುವಂಥದು, ಉಲ್ಲಾಸದ್ದು, ‘ನಾನು’ ಎಂಬುದು ಮತ್ತೆ ಮತ್ತೆ ಬರುವಂಥದು. ಬೈಬಲಿನ ನೂರೈವತ್ತು ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಗೋಳಿನ ಹಾಡುಗಳು. ದೇವರು ಮರೆತನೆಂದು ದೂರುವವನು, ಹಾಸಿಗೆಯನ್ನು ಕಣ್ಣೀರಿನಿಂದ ತೋಯಿಸುವವನು ಅಲ್ಲಿ ಹಾಡುತ್ತಾನೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ ಅಂಥ ಒಂದು ಕೀರ್ತನೆಯ ಮೊದಲ ಸಾಲೇ. ಪ್ರಾರ್ಥನೆಯ ಪುಸ್ತಕದಲ್ಲಿ ಇಷ್ಟು ಜಾಗವನ್ನು ಪಡೆದ ದುಃಖಕ್ಕೆ ಹೊಸ ಹಾಡುಗಳ ಪಟ್ಟಿಯಲ್ಲಿ ತೀರ ಕಡಿಮೆ ಜಾಗ. ನನ್ನ ಮಿತ್ರರು ಹುಡುಕಿದ್ದು ಆ ಜಾಗವನ್ನೇ.

ಇದಕ್ಕೆ ಹೊಂದಿಕೊಂಡೇ ಬಂದದ್ದು ಸಮೃದ್ಧಿಯ ಬೋಧೆ. ಅಮೆರಿಕದ ಓರಲ್ ರಾಬರ್ಟ್ಸ್ ಮೊದಲಾದವರು ಕಾಣಿಕೆಯನ್ನು ಬೀಜಕ್ಕೆ ಹೋಲಿಸಿದರು: ಬಿತ್ತಿದರೆ ಬೆಳೆ ಬರುತ್ತದೆ, ಕೊಟ್ಟರೆ ಹೆಚ್ಚಾಗಿ ಹಿಂದಿರುಗುತ್ತದೆ. ಈ ಬೋಧೆ ಆಫ್ರಿಕ, ಏಷ್ಯಗಳಿಗೂ ಹರಡಿತು. ಇದರ ಪೆಟ್ಟು ಬೀಳುವುದು ಬಡವನ ಮೇಲೆಯೇ. ಕೊಟ್ಟದ್ದು ಹಿಂದಿರುಗದಿದ್ದರೆ ನಿನ್ನ ನಂಬಿಕೆ ಸಾಲದು ಎನ್ನುತ್ತಾರೆ. ಹಣವೂ ಹೋಯಿತು, ಮನಸ್ಸಿನ ನೆಮ್ಮದಿಯೂ ಹೋಯಿತು. ಎರಡು ಕಾಸು ಹಾಕಿದ ವಿಧವೆಗೆ ನಾಲ್ಕು ಕಾಸು ಸಿಕ್ಕಿತೆಂದು ಸುವಾರ್ತೆ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಇದು ಹೊರಗಿನವನಾದ ನನ್ನೊಬ್ಬನ ಆಕ್ಷೇಪಣೆಯಲ್ಲ. ೨೦೧೦ರಲ್ಲಿ ಕೇಪ್‌ಟೌನಿನಲ್ಲಿ ಸೇರಿದ ಲೊಸಾನ್ ಸಮಾವೇಶದ ಘೋಷಣೆ, ಸುವಾರ್ತಾ ಪ್ರಚಾರಕ್ಕೆ ಬದ್ಧರಾದವರದೇ ಘೋಷಣೆ, ಈ ಬೋಧೆಯನ್ನು ಸ್ಪಷ್ಟವಾಗಿ ನಿರಾಕರಿಸಿದೆ.

ಸದ್ದು ಮಾಡುವುದೇ ತಪ್ಪು, ಮೌನವೇ ಮದ್ದು ಎಂದು ತೀರ್ಮಾನಿಸುವ ಮೊದಲು ಇನ್ನೆರಡು ಘಟನೆಗಳನ್ನು ನೋಡೋಣ. ೧೯೦೬ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಹಿಂದೆ ಕುದುರೆ ಲಾಯವಾಗಿದ್ದ ಮುರುಕು ಕಟ್ಟಡವೊಂದರಲ್ಲಿ, ವಿಲಿಯಮ್ ಸೀಮರ್ ಎಂಬ ಕರಿಯ ಉಪದೇಶಕರು ಸಭೆ ನಡೆಸಿದರು. ಅವರ ತಂದೆತಾಯಿಗಳು ಗುಲಾಮರಾಗಿದ್ದವರು. ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿದ ಬೆಂಚುಗಳು, ಮರದ ಡಬ್ಬಗಳ ಪೀಠ. ಅಲ್ಲಿ ಕೂಗು, ಅಳು, ಚಪ್ಪಾಳೆ ಎಲ್ಲವೂ ಇದ್ದವು. ಪತ್ರಿಕೆಗಳು ಹಾಸ್ಯ ಮಾಡಿದವು. ಆದರೆ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆಯಾಗಿ ಕೂರಿಸುತ್ತಿದ್ದ ದೇಶದಲ್ಲಿ ಅವರು ಒಂದೇ ಹಲಗೆಯ ಮೇಲೆ ಕುಳಿತು ಒಟ್ಟಿಗೆ ಪ್ರಾರ್ಥಿಸಿದರು. ಆ ಗದ್ದಲದಲ್ಲಿ ಸುವಾರ್ತೆಯಿತ್ತು.

ಎರಡನೆಯದು ಇಂಗ್ಲೆಂಡಿನ ವಾಟ್‌ಫೋರ್ಡಿನದು. ೧೯೯೦ರ ದಶಕದಲ್ಲಿ ಅಲ್ಲಿನ ತರುಣರ ಸಭೆಯೊಂದರಲ್ಲಿ ಸಂಗೀತವೇ ಮುಖ್ಯವಾಗಿ ಆರಾಧನೆ ಹಿಂದಾಯಿತೆಂದು ಸಭಾಪಾಲಕರಿಗೆ ಅನ್ನಿಸಿತು. ಅವರು ಕೆಲಕಾಲ ವಾದ್ಯವೃಂದವನ್ನೂ ಧ್ವನಿವರ್ಧಕವನ್ನೂ ತೆಗೆಸಿಯೇಬಿಟ್ಟರು. ಜನರು ಬರಿಯ ಕಂಠದಿಂದ ಹಾಡಿದರು. ಆ ಅನುಭವದಿಂದ ಮ್ಯಾಟ್ ರೆಡ್ಮನ್ ಎಂಬ ತರುಣ ಬರೆದ ಹಾಡು ಲೋಕದಾದ್ಯಂತ ಹಬ್ಬಿತು. ವಾದ್ಯವನ್ನು ಬಿಟ್ಟುಕೊಟ್ಟ ಹಾಡನ್ನು ಲೋಕವೆಲ್ಲ ವಾದ್ಯಗಳೊಡನೆಯೇ ಹಾಡಿತು! ಇಷ್ಟೇ ಆಗಿದ್ದರೆ ಇದೊಂದು ನೀತಿಕಥೆಯಾಗುತ್ತಿತ್ತು. ಆದರೆ ಅದೇ ಸಭಾಪಾಲಕರು ತಮ್ಮ ಅಧಿಕಾರವನ್ನು ಬಳಸಿಕೊಂಡು ತರುಣರನ್ನು ಅನುಚಿತವಾಗಿ ಹಿಡಿತದಲ್ಲಿಟ್ಟುಕೊಂಡಿದ್ದರೆಂದು ೨೦೨೩ರಲ್ಲಿ ಇಂಗ್ಲೆಂಡಿನ ಚರ್ಚು ನಡೆಸಿದ ವಿಚಾರಣೆ ನಿರ್ಣಯಿಸಿತು. ವೇದಿಕೆಯ ದೀಪ ಆರಿಸಿದ ಮಾತ್ರಕ್ಕೆ ಮನುಷ್ಯನೊಳಗಿನ ವೇದಿಕೆ ಇಳಿದುಹೋಗುವುದಿಲ್ಲ.

ಆದುದರಿಂದ ಅಳತೆ ಇರಬೇಕಾದದ್ದು ಸದ್ದಿನಲ್ಲಿಯೂ ಅಲ್ಲ, ಮೌನದಲ್ಲಿಯೂ ಅಲ್ಲ. ಹಳೆಯ ರಾಗದಲ್ಲಿಯೂ ಅಲ್ಲ, ಹೊಸ ವಾದ್ಯದಲ್ಲಿಯೂ ಅಲ್ಲ. ಬಡವ, ನೊಂದವ, ಮುನಿದ ಸೋದರ, ಈ ಮೂವರಿಗೆ ಅಲ್ಲಿ ಏನಾಗುತ್ತದೆ ಎಂಬುದರಲ್ಲಿ.

ಈ ಮಾತು ಚರ್ಚಿನ ಬಾಗಿಲಲ್ಲಿಯೇ ನಿಲ್ಲಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಉತ್ಸವದ ಮೈಕು ರಾತ್ರಿ ಹನ್ನೊಂದರವರೆಗೂ ಕೂಗುತ್ತಿರುವಾಗ ಪಕ್ಕದ ಮನೆಯಲ್ಲಿ ಜ್ವರದಿಂದ ಮಲಗಿದ ಮಗುವಿನ ನೆನಪು ಯಾರಿಗೆ ಬಂದೀತು? ಉಳ್ಳವರ ಗುಡಿಗಿಂತ ಬಡವನ ದೇಹವೇ ದೇಗುಲವೆಂದ ಬಸವಣ್ಣನವರ ನಾಡು ನಮ್ಮದು. ಆ ವಚನವನ್ನು ವರ್ಷವರ್ಷವೂ ಮಕ್ಕಳಿಗೆ ಅರ್ಥ ಹೇಳಿ, ಅಂಕ ಕೊಟ್ಟು, ಅದೇ ಸಂಜೆ ಉತ್ಸವ ಸಮಿತಿಯ ಚಂದಾಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿದೆಯೋ ಕೆಳಗೆ ಬಂದಿದೆಯೋ ಎಂದು ನೋಡಿದವನು ನಾನು. ಪಕ್ಕದ ಮನೆಯ ದೋಷವನ್ನು ಹೇಳುವಾಗ ಇದನ್ನು ಮುಚ್ಚಿಡುವುದು ಸರಿಯಾಗಲಾರದು.

ಮಿತ್ರರ ವಿಷಯವನ್ನು ಹೇಳಿ ಮುಗಿಸುತ್ತೇನೆ. ಮಗನೊಡನೆ ಅವರು ಜಗಳವಾಡಲಿಲ್ಲ. ತಂದೆ ಅಂದು ಏಕೆ ಎದ್ದು ನಿಲ್ಲಲಿಲ್ಲವೆಂದು ಮಗನೇ ಒಂದು ದಿನ ಕೇಳಿದನಂತೆ, ಇವರು ಹೇಳಿದರಂತೆ. ಮುಂದಿನ ತಿಂಗಳ ಒಂದು ಸಂಜೆ ಅವರ ಜಗುಲಿಯಲ್ಲಿ ಏಳೆಂಟು ಜನ ಸೇರಿದೆವು. ಆ ಹಜಾರದಲ್ಲಿ ಹಾಡು ನಡೆಸುತ್ತಿದ್ದ ತರುಣನನ್ನು ಮಗ ಕರೆತಂದಿದ್ದ. ಗಿಟಾರು ತಂದಿದ್ದರೂ ಅವನು ಅದನ್ನು ಗೋಡೆಗೊರಗಿಸಿಟ್ಟ. ಮಿತ್ರರು ತಮ್ಮ ಪತ್ನಿಯ ಹಳೆಯ ಸಂಗೀತದ ಪುಸ್ತಕವನ್ನು ತೆರೆದು, ಆಕೆ ಗುರುತು ಮಾಡಿದ್ದ ಹಾಡೊಂದನ್ನು ಶುರುಮಾಡಿದರು. ಎರಡನೆಯ ನುಡಿಗೆ ಅವರ ಗಂಟಲು ಕಟ್ಟಿತು. ಆ ತರುಣನೇ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಗೊತ್ತಿಲ್ಲದ ರಾಗವನ್ನು ತಡವರಿಸುತ್ತ, ತಗ್ಗಿದ ದನಿಯಲ್ಲಿ ಕೊನೆಯವರೆಗೂ ಹಾಡಿದ. ನಡುವೆ ಬಂದ ಹಳಗನ್ನಡದ ಮಾತೊಂದರ ಅರ್ಥವನ್ನು ಆಮೇಲೆ ನನ್ನನ್ನು ಕೇಳಿದ. ನಾನು ಹೇಳಿಕೊಟ್ಟೆ.